ಸೊಂಟದ ಭಾರ ಮೋಟಾರಿಗೆ ಬೇಡ

ಮನೆಯಲ್ಲೇ ರೋಬೋಟ್ ಮಾಡಹೊರಟ ಮಕ್ಕಳು ಕಣ್ಣು, ಕೈ, ಮಾತಿನ ಬಗ್ಗೆ ಮೊದಲು ತಲೆ ಕೆಡಿಸಿಕೊಳ್ಳುತ್ತಾರೆ. ಸೊಂಟದ ನೆನಪಾಗುವುದು ಕೊನೆಗೆ. ಆಗ ಒಂದು ಸರ್ವೋ ಮೋಟಾರು ತಂದು, ಅದರ ಶಾಫ್ಟಿನ ಮೇಲೇ ಇಡೀ ಮುಂಡವನ್ನು ಕೂರಿಸಿಬಿಡುತ್ತಾರೆ. ಸ್ವಲ್ಪ ದಿನದಲ್ಲೇ ಮುಂಡ ವಾಲುತ್ತದೆ, ಗೇರಿನ ಹಲ್ಲು ಸವೆಯುತ್ತದೆ.

ಕಲಬುರಗಿ ಜಿಲ್ಲೆಯ ಮಕ್ಕಳಿಗೆ ಇದಕ್ಕೆ ಪರಿಹಾರ ಊರಲ್ಲೇ ಇದೆ. ಚಿತ್ತಾಪುರ ತಾಲ್ಲೂಕಿನ ವಾಡಿಯಲ್ಲಿ, ಸೇಡಂನಲ್ಲಿ ಸಿಮೆಂಟ್ ಕಾರ್ಖಾನೆಗಳಿವೆ. ಸುಣ್ಣದಕಲ್ಲನ್ನು 1,450 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಡುವ ಕಿಲ್ನ್ ಎಂದರೆ ನೂರಾರು ಟನ್ ತೂಗುವ ಉಕ್ಕಿನ ಕೊಳವೆ. ತುಸು ಓರೆಯಾಗಿ ಮಲಗಿಕೊಂಡೇ ನಿಮಿಷಕ್ಕೆ 3ರಿಂದ 5 ಸುತ್ತು ತಿರುಗುತ್ತದೆ. ಅಷ್ಟು ಭಾರವನ್ನು ಯಾವ ಮೋಟಾರೂ ಹೊತ್ತಿಲ್ಲ. ಕೊಳವೆಗೆ ತೊಡಿಸಿದ ದಪ್ಪ ಉಕ್ಕಿನ ಬಳೆಗಳು ರೋಲರುಗಳ ಮೇಲೆ ಕೂತಿರುತ್ತವೆ. ಕೊಳವೆಯನ್ನು ಸುತ್ತುವರಿದ ದೊಡ್ಡ ಹಲ್ಲುಚಕ್ರವನ್ನು ಚಿಕ್ಕ ಪಿನಿಯನ್ ನೂಕುತ್ತದೆ. ಇಳಿಜಾರಿಗೆ ಸರಿಯದಂತೆ ತಡೆಯಲು ಬೇರೆಯೇ ರೋಲರು. ಚಿಂಚೋಳಿಯ ಹಳ್ಳಿಗಳಲ್ಲಿ ತೊಗರಿ ಒಡೆದ ಬೀಸುಕಲ್ಲೂ ಹೀಗೆಯೇ: ಮೇಲಿನ ಕಲ್ಲಿನ ತೂಕ ಕೆಳಗಿನ ಕಲ್ಲಿಗೆ, ನಡುವಿನ ಗೂಟ ಅತ್ತಿತ್ತ ಸರಿಯದಂತೆ ಹಿಡಿಯಲು ಮಾತ್ರ, ಸುತ್ತುವ ಬಲ ಅಂಚಿನ ಹಿಡಿಗೆ.

ರೋಬೋಟಿನ ಸೊಂಟಕ್ಕೂ ಇದೇ ವ್ಯವಸ್ಥೆ ಸಾಕು. ನಡೆಯುವ ಕಾಲು ಬೇಕೆಂಬ ಹಟ ಬಿಡಿ. 2020ರ ಜನವರಿಯಲ್ಲಿ ಇಸ್ರೋ ಬೆಂಗಳೂರಿನಲ್ಲಿ ತೋರಿಸಿದ ವ್ಯೋಮಮಿತ್ರ ಎಂಬ ರೋಬೋಟಿಗೂ ಕಾಲಿಲ್ಲ. ಬುಡಕ್ಕೆ ಶಹಾಬಾದ್ ಕಲ್ಲಿನ ಒಂದು ತುಂಡು ಇಟ್ಟರೆ ರೋಬೋಟ್ ಮಗುಚುವುದಿಲ್ಲ. ಅದರ ಮೇಲೆ ಪ್ಲೈವುಡ್, ಅದಕ್ಕೆ ಟಿವಿ ಸ್ಟ್ಯಾಂಡಿನ ಕೆಳಗಿರುವಂಥ ಅಗಲವಾದ ಬೇರಿಂಗ್ ಪ್ಲೇಟು. ಅಗಲಕ್ಕೆ ಕಾರಣವಿದೆ. ಚಾಚಿದ ಕೈಯಲ್ಲಿ ಅರ್ಧ ಕಿಲೋ ಇದ್ದು, ಅದು ನಡುವಿನಿಂದ 40 ಸೆಂಟಿಮೀಟರ್ ದೂರದಲ್ಲಿದ್ದರೆ, ಸೊಂಟವನ್ನು ವಾಲಿಸುವ ತಿರುಗುಬಲ (ಟಾರ್ಕ್) 20 ಕಿಲೋ-ಸೆಂಟಿಮೀಟರ್. ಅದನ್ನು ತಡೆದುಕೊಳ್ಳಬೇಕಾದ್ದು ಬೇರಿಂಗು.

ತಿರುಗಿಸಲು ಗುಜರಿ ಅಂಗಡಿಯ ಕಾರಿನ ವೈಪರ್ ಮೋಟಾರು ನನಗೆ ಬಹಳ ಇಷ್ಟ. 12 ವೋಲ್ಟಿನದು. ಒಳಗೆ ವರ್ಮ್ ಗೇರ್ ಇರುವುದರಿಂದ ವೇಗ ಕಡಿಮೆ, ಬಲ ಹೆಚ್ಚು. ಕರೆಂಟು ನಿಂತರೂ ಸೊಂಟ ಸುಲಭವಾಗಿ ಹಿಂದಕ್ಕೆ ಹೊರಳದು. ಆದರೆ ತಾನೆಷ್ಟು ತಿರುಗಿದೆ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಸೊಂಟದ ನಡುವಿಗೆ ಒಂದು ಪೊಟೆನ್ಷಿಯೋಮೀಟರ್ ಜೋಡಿಸಿ ಆರ್ಡುಯಿನೋಗೆ ಸೇರಿಸಿದರೆ ಕೋನ ಗೊತ್ತಾಗುತ್ತದೆ.

ನೇರವಾಗಿ ನಿಂತ ಅಕ್ಷದ ಸುತ್ತ ತಿರುಗುವಾಗ ಮೋಟಾರು ತೂಕ ಎತ್ತುವುದಿಲ್ಲ. ಅದಕ್ಕೆ ಕಷ್ಟ ಆಗುವುದು ಹೊರಡುವಾಗ ಮತ್ತು ನಿಲ್ಲುವಾಗ. ಕೈಯಲ್ಲಿನ ವಸ್ತುವನ್ನು 40ರಿಂದ 20 ಸೆಂಟಿಮೀಟರಿಗೆ ಹತ್ತಿರ ತಂದರೆ ತಿರುಗಲು ಆ ವಸ್ತು ಒಡ್ಡುವ ಜಡತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಹಾಗಾಗಿ ಮೊದಲು ಕೈ ಮಡಚಿ, ಆಮೇಲೆ ಸೊಂಟ ತಿರುಗಿಸುವಂತೆ ಪ್ರೋಗ್ರಾಂ ಬರೆಯಿರಿ. ವೇಗವನ್ನು ಮೆಲ್ಲಗೆ ಏರಿಸಿ, ಮೆಲ್ಲಗೆ ಇಳಿಸಿ.

ಇನ್ನು ವೈರು. ಒಂದೇ ದಿಕ್ಕಿಗೆ ಸುತ್ತುತ್ತ ಹೋದರೆ ಅದು ಹುರಿಗಟ್ಟಿ ಕಿತ್ತುಬರುತ್ತದೆ. ಬೇರಿಂಗಿನ ನಡುತೂತಿನೊಳಗಿಂದ ವೈರುಗಳನ್ನು ತುಸು ಸಡಿಲವಾಗಿ ಹಾಯಿಸಿ, ಸೊಂಟವನ್ನು ಎಡಕ್ಕೆ 90, ಬಲಕ್ಕೆ 90 ಡಿಗ್ರಿಗೆ ಸೀಮಿತಗೊಳಿಸಿ, ಎರಡೂ ಕೊನೆಗೆ ಮೋಟಾರಿನ ಕರೆಂಟನ್ನೇ ಕಡಿಯುವಂತೆ ಲಿಮಿಟ್ ಸ್ವಿಚ್ ಹಾಕಿ. ಪ್ರೋಗ್ರಾಂ ತಪ್ಪಿದರೂ ಸ್ವಿಚ್ ಮೋಟಾರನ್ನು ನಿಲ್ಲಿಸುತ್ತದೆ.