ಕೊನೆಯ ಸ್ಟಾಪು ದಾಟಿದ ಗೋಪಾಳ

ಶಿವಮೊಗ್ಗದ ಸಿಟಿ ಬಸ್ಸಿನ ಹಣೆಬರಹದಲ್ಲಿ ‘ಗೋಪಾಳ’ ಎಂದಿರುತ್ತದೆ. ಹೊಸಬರಿಗೆ ಇದು ಅಚ್ಚಿನ ತಪ್ಪೇನೋ ಅನ್ನಿಸುವುದುಂಟು. ತಪ್ಪಲ್ಲ. ಗೋಪಾಳ ಎಂಬುದು ಹಳೆಯ ಹಳ್ಳಿಯ ಹೆಸರು, ಅದಕ್ಕೆ ‘ಳ’ಕಾರವೇ ಸರಿ. ಅದರ ಮಗ್ಗುಲಲ್ಲೇ ಇರುವ ಗೋಪಾಲಗೌಡ ಬಡಾವಣೆಗೆ ‘ಲ’ಕಾರ. ಆದರೆ ಬಾಯಿಗೆ ವ್ಯಾಕರಣದ ಹಂಗಿಲ್ಲ. ಮದುವೆ ಕಾಗದಗಳಲ್ಲೂ ಅಂಗಡಿ ಬೋರ್ಡುಗಳಲ್ಲೂ ‘ಗೋಪಾಳಗೌಡ ಬಡಾವಣೆ’ ಆರಾಮಾಗಿ ಓಡಾಡಿಕೊಂಡಿದೆ. ಇಡೀ ನಗರವೇ ತನ್ನ ಇಂಗ್ಲಿಷ್ ಕಾಗುಣಿತದಲ್ಲಿ ಕಳೆದುಕೊಂಡಿದ್ದ ‘ವ’ಕಾರವನ್ನು ಅಧಿಕೃತವಾಗಿ ವಾಪಸು ಪಡೆದದ್ದು 2014ರ ನವೆಂಬರ್ 1ರಂದು. ಹೀಗಿರುವಾಗ ಒಂದು ಬಡಾವಣೆಯ ‘ಳ’ಕಾರಕ್ಕೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಗೋಪಾಲಗೌಡ ಎಂದಾಗ ಮಲೆನಾಡಿಗರ ಕಣ್ಣ ಮುಂದೆ ಬರುವವರು ಶಾಂತವೇರಿ ಗೋಪಾಲಗೌಡರು. 1923ರಲ್ಲಿ ತೀರ್ಥಹಳ್ಳಿ ಸೀಮೆಯಲ್ಲಿ ಹುಟ್ಟಿ, 1951ರ ಕಾಗೋಡು ಸತ್ಯಾಗ್ರಹದಲ್ಲಿ ಗೇಣಿದಾರರ ಜೊತೆ ನಿಂತವರು. ಮರುವರ್ಷವೇ ಸಾಗರ–ಹೊಸನಗರದಿಂದ ಶಾಸನಸಭೆಗೆ ಹೋದರು. ಮೈಸೂರು ರಾಜ್ಯಕ್ಕೆ ಕರ್ನಾಟಕ ಎಂದು ಹೆಸರಿಡಿ ಎಂದು ಸದನದಲ್ಲಿ ಹಟ ಹಿಡಿದಿದ್ದ ಅವರು ತೀರಿಕೊಂಡದ್ದು 1972ರ ಜೂನ್‌ನಲ್ಲಿ, ಆ ಹೆಸರು ಬಂದದ್ದು 1973ರ ನವೆಂಬರ್‌ನಲ್ಲಿ. ಉಳುವವನಿಗೆ ನೆಲ ಸಿಗಲಿ ಎಂದವರ ಹೆಸರು ಹೊತ್ತ ಜಾಗದಲ್ಲಿ ಇವತ್ತು ಚದರಡಿ ಲೆಕ್ಕದಲ್ಲಿ ನೆಲ ಮಾರಾಟವಾಗುತ್ತದೆ. ಅದನ್ನು ನೋಡಿ ಗೌಡರು ಸುಮ್ಮನೆ ಕೂರುತ್ತಿದ್ದರು ಎಂದು ನನಗಂತೂ ಅನ್ನಿಸುವುದಿಲ್ಲ.

ಗೋಪಾಳ ಎಲ್ಲಿದೆ ಎಂದು ತಿಳಿಯಲು ಎರಡು ಹೆದ್ದಾರಿಗಳನ್ನು ನೆನಪಿಟ್ಟುಕೊಂಡರೆ ಸಾಕು. ಒಂದು ಆಲ್ಕೊಳ ದಾಟಿ ಆಯನೂರು, ಸಾಗರ, ಹೊನ್ನಾವರದತ್ತ ಹೋಗುವ 69. ಇನ್ನೊಂದು ಮಂಡ್ಲಿ, ಗಾಜನೂರು, ತೀರ್ಥಹಳ್ಳಿ ಮೇಲೆ ಮಂಗಳೂರಿಗೆ ಇಳಿಯುವ 169. ಶಿವಮೊಗ್ಗದಿಂದ ಹೊರಟ ಈ ಎರಡೂ ದಾರಿಗಳು ಬೀಸಣಿಗೆಯ ಕಡ್ಡಿಗಳ ಹಾಗೆ ಬಿಚ್ಚಿಕೊಳ್ಳುತ್ತವೆ. ನಡುವಿನ ಮಡಿಕೆಯಲ್ಲಿ ಗೋಪಾಳ ಕೂತಿದೆ. ಹಿಂದಕ್ಕೆ ಹೋದರೆ ಅನುಪಿನಕಟ್ಟೆ, ಅದರಾಚೆ ಪುರದಾಳು, ಆಮೇಲೆ ಶೆಟ್ಟಿಹಳ್ಳಿ ಅಭಯಾರಣ್ಯದ ಕಾಡು. ಪುರದಾಳಿನ ಕಡೆಯ ರೈತರಿಗೆ ಆನೆ ಗದ್ದೆಗಿಳಿಯುವ ಚಿಂತೆ. ಕೆಲವೇ ಮೈಲಿ ಈಚೆಗಿನ ಗೋಪಾಳದವರಿಗೆ ಕಾರು ಎಲ್ಲಿ ನಿಲ್ಲಿಸುವುದೆಂಬ ಚಿಂತೆ.

ಈ ಮಗ್ಗುಲು ತುಂಗೆಯ ಎಡದಂಡೆ. ಗಾಜನೂರಿನಲ್ಲಿ ತುಂಗೆಗೆ ಕಟ್ಟೆ ಕಟ್ಟಿ ನಾಲೆ ತೋಡಿದ ಮೇಲೆ ಈ ಕಡೆಯ ಭೂಮಿಗೆ ನೀರು ಬಂತು, ಭತ್ತ ಬಂತು. ಭತ್ತದ ಗದ್ದೆಗೆ ಇನ್ನೊಂದು ಗುಣ ಇದೆ: ಸಮತಟ್ಟಾಗಿರುತ್ತದೆ, ಹಾಗಾಗಿ ಸೈಟು ಮಾಡುವವನ ಕಣ್ಣಿಗೆ ಬೇಗ ಬೀಳುತ್ತದೆ. ಕೋಟೆ, ಗಾಂಧಿ ಬಜಾರುಗಳ ಹಳೆಯ ಶಿವಮೊಗ್ಗ ಉಸಿರು ಕಟ್ಟಿದಾಗ ನಗರ ಮೊದಲು ದುರ್ಗಿಗುಡಿ, ಜಯನಗರಗಳತ್ತ ಚಾಚಿತು. ಬಳಿಕ ವಿನೋಬನಗರ, ಅದೂ ಸಾಲದಾದಾಗ ಗೋಪಾಳ. ಒಂದಷ್ಟು ಸೈಟುಗಳನ್ನು ಸೂಡಾ, ಅಂದರೆ ಶಿವಮೊಗ್ಗ–ಭದ್ರಾವತಿ ನಗರಾಭಿವೃದ್ಧಿ ಪ್ರಾಧಿಕಾರ ಹಂಚಿತು. ಉಳಿದದ್ದು ಖಾಸಗಿಯವರ ಲೇಔಟು. ಸ್ವಾಮಿ ವಿವೇಕಾನಂದ ಬಡಾವಣೆ, ಚಂದನ ಬಡಾವಣೆ ಎಂದು ಹೆಸರುಗಳು ಹುಟ್ಟಿದವು.

ಪಕ್ಕದ ಭದ್ರಾವತಿಯ ಕತೆ ಬೇರೆ. ಅಲ್ಲಿ ಕಬ್ಬಿಣದ ಕಾರ್ಖಾನೆಯೂ ಕಾಗದದ ಕಾರ್ಖಾನೆಯೂ ನೌಕರರಿಗಾಗಿ ನ್ಯೂಟೌನ್, ಪೇಪರ್ ಟೌನ್ ಕಟ್ಟಿದವು. ಮನೆ ಕಂಪನಿಯದ್ದು, ಬೀದಿದೀಪವೂ ಕಂಪನಿಯದ್ದೇ. ಕಾರ್ಖಾನೆ ಸೊರಗಿದಾಗ ಕ್ವಾರ್ಟರ್ಸಿನ ಗೋಡೆಯೂ ಸೊರಗಿತು. ಗೋಪಾಳಕ್ಕೆ ಅಂಥ ಯಜಮಾನ ಯಾರೂ ಇರಲಿಲ್ಲ. ಇಲ್ಲಿ ಮನೆ ಕಟ್ಟಿದವರು ನಿವೃತ್ತ ಮೇಷ್ಟ್ರುಗಳು, ಬ್ಯಾಂಕಿನವರು, ಬೆಂಗಳೂರಿನಲ್ಲಿ ದುಡಿಯುವ ಮಕ್ಕಳ ಅಪ್ಪ–ಅಮ್ಮ. ಜೊತೆಗೆ ತೀರ್ಥಹಳ್ಳಿ, ಹೊಸನಗರ, ಸಾಗರದ ಅಡಿಕೆ ಬೆಳೆಗಾರರು. ಮಕ್ಕಳ ಕಾಲೇಜಿಗೆಂದು ಕಟ್ಟಿಸಿದ ‘ಪ್ಯಾಟೆ ಮನೆ’ ನಿಧಾನಕ್ಕೆ ಖಾಯಂ ಮನೆಯಾಗುತ್ತದೆ. ಸಾಗರ ರಸ್ತೆಯ ಎಪಿಎಂಸಿ ಯಾರ್ಡಿಗೆ ಅಡಿಕೆ ಹಾಕಿ ಬಂದವರು ಆ ಮನೆಯಲ್ಲೇ ಉಳಿದು ಬೆಳಗಿನ ಬಸ್ಸಿಗೆ ತೋಟಕ್ಕೆ ಮರಳುತ್ತಾರೆ.

ಇಲ್ಲಿರುವವರು ಮಲೆನಾಡಿನಿಂದ ಬಂದವರೆಂದು ಮನೆಗಳನ್ನು ನೋಡಿದರೂ ಗೊತ್ತಾಗುತ್ತದೆ. ಮೂವತ್ತು–ನಲವತ್ತರ ಸೈಟಿನಲ್ಲಿ ಎರಡಂತಸ್ತಿನ ಆರ್‌ಸಿಸಿ, ಅದರ ತಲೆಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ಶೀಟು. ಬಯಲುಸೀಮೆಯವರು ‘ತಾರಸಿ ಮೇಲೆ ಮತ್ತೆ ಮಾಡು ಯಾಕೆ?’ ಎಂದು ಕೇಳುತ್ತಾರೆ. ಒಂದು ಮಳೆಗಾಲ ಇಲ್ಲಿ ಕಳೆದರೆ ಉತ್ತರ ಸಿಗುತ್ತದೆ. ಗೋಡೆಗೆ ಪಾಚಿ ಹತ್ತದಂತೆ, ಬಟ್ಟೆ ಒಣಗುವಂತೆ, ಹಪ್ಪಳ ಸಂಡಿಗೆಗೆ ಜಾಗ ಇರುವಂತೆ ಮಾಡಿಕೊಂಡ ಏರ್ಪಾಡು ಅದು. ಯಾವ ವಾಸ್ತುಶಿಲ್ಪಿಯೂ ನಕ್ಷೆಯಲ್ಲಿ ಬರೆದದ್ದಲ್ಲ. ಹೆಂಚಿನ ಮನೆ ಬಿಟ್ಟು ಬಂದವರು ಹೆಂಚಿನ ಬುದ್ಧಿಯನ್ನು ಬಿಟ್ಟು ಬಂದಿಲ್ಲ.

ಸೌಕರ್ಯಗಳಿಗೆ ಕೊರತೆ ಇಲ್ಲ. ನೂರಡಿ ರಸ್ತೆಯುದ್ದಕ್ಕೂ ಬೇಕರಿ, ಮೆಡಿಕಲ್, ದರ್ಶಿನಿ, ಜಿಮ್ಮು. ತುಂಗಾನಗರದ ಪೊಲೀಸ್ ಠಾಣೆ ಈ ಭಾಗವನ್ನು ನೋಡಿಕೊಳ್ಳುತ್ತದೆ. ದೊಡ್ಡ ಕಾಯಿಲೆಗೆ ತೀರ್ಥಹಳ್ಳಿ ರಸ್ತೆಯ ಹರಕೆರೆಯಲ್ಲಿ ಖಾಸಗಿ ಆಸ್ಪತ್ರೆ, ಪೇಟೆಯಲ್ಲಿ ಸರ್ಕಾರಿ ಮೆಗ್ಗಾನ್. ಮಕ್ಕಳಿಗೆ ರಜೆ ಇದ್ದರೆ ತ್ಯಾವರೆಕೊಪ್ಪದ ಹುಲಿ–ಸಿಂಹಧಾಮ ಒಂದು ಹೆದ್ದಾರಿಯಲ್ಲಿ, ಸಕ್ರೆಬೈಲಿನ ಆನೆ ಬಿಡಾರ ಇನ್ನೊಂದರಲ್ಲಿ. ಎರಡೂ ಅರ್ಧ ದಿನದ ಸವಾರಿ.

ನನ್ನ ತಕರಾರು ಓಡಾಟದ ಬಗ್ಗೆ. ಮಲೆನಾಡಿನ ಬಸ್ಸು ಎಂದರೆ ಮೊದಲಿನಿಂದಲೂ ಖಾಸಗಿ ಬಸ್ಸು. ಶಿವಮೊಗ್ಗದ ಸಿಟಿ ಬಸ್ಸಿನಲ್ಲೂ ಅವುಗಳದ್ದೇ ಮೇಲುಗೈ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ರಾಜ್ಯದ ಹೆಂಗಸರು ಸರ್ಕಾರಿ ಬಸ್ಸಿನಲ್ಲಿ ಬಿಟ್ಟಿ ಓಡಾಡತೊಡಗಿದರು, ಖಾಸಗಿ ಬಸ್ಸು ಹತ್ತಿದವರು ಮಾತ್ರ ಟಿಕೆಟ್ಟಿನ ದುಡ್ಡು ಎಣಿಸಿ ಕೊಡುತ್ತಲೇ ಇದ್ದಾರೆ. ರಾತ್ರಿ ಹೊತ್ತಾದರೆ ಆಟೋ ಗತಿ. ಅದೇ ವರ್ಷ ಫೆಬ್ರುವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು. ಬೆಂಗಳೂರಿಗೆ ಹಾರಲು ಒಂದು ಗಂಟೆ ಸಾಕು ಎಂದು ಹಿಗ್ಗಿದ್ದೇವೆ. ಗೋಪಾಳದ ಒಳಬೀದಿಯ ಅಜ್ಜಿಯೊಬ್ಬರು ಮೆಗ್ಗಾನ್‌ಗೆ ಹೋಗಿ ಚೀಟಿ ಮಾಡಿಸಿ ಮನೆಗೆ ಬರುವಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ.

ಬಸ್ಸು ತಿರುಗುವ ಜಾಗವನ್ನು ಇಲ್ಲಿ ಎಲ್ಲರೂ ‘ಗೋಪಾಳ ಲಾಸ್ಟ್ ಬಸ್‌ಸ್ಟಾಪ್’ ಎನ್ನುತ್ತಾರೆ. ಒಂದು ಕಾಲಕ್ಕೆ ಅಲ್ಲಿಗೆ ಊರೇ ಮುಗಿಯುತ್ತಿತ್ತು. ಈಗ ಅಲ್ಲಿಂದ ಅನುಪಿನಕಟ್ಟೆ ದಿಕ್ಕಿಗೆ ಹೊಸ ಲೇಔಟುಗಳ ಕಲ್ಲು ನೆಟ್ಟಿದ್ದಾರೆ. ನೆಂಟರ ಮನೆಗೆ ಹೊರಟವರು ವಿಳಾಸ ಕೇಳುವಾಗ ‘ಲಾಸ್ಟ್ ಸ್ಟಾಪಿನ ಹತ್ತಿರ’ ಎಂಬ ಉತ್ತರಕ್ಕೆ ತೃಪ್ತರಾಗಬೇಡಿ. ಈಚೆಗೋ ಆಚೆಗೋ ಎಂದು ಇನ್ನೊಮ್ಮೆ ಕೇಳಿ. ಆಚೆಗೆ ಎಂದರೆ ಕೊಡೆ ಹಿಡಿದುಕೊಂಡು ಹೋಗಿ, ನಡೆಯುವುದು ಬಹಳ ಇದೆ.