ನಲವತ್ತು ದಿನದ ಅತಿಥಿ
ಕಾಶ್ಮೀರದ ಮನೆಗಳಲ್ಲಿ ಚಳಿಯೂ ನಗುವೂ

ಡಿಸೆಂಬರ್ ತಿಂಗಳ ಒಂದು ಮುಂಜಾನೆ. ಫಜ್ರ್ ನಮಾಝ್‌ಗೆಂದು ಎದ್ದಿದ್ದೀರಿ. ನಲ್ಲಿ ತಿರುಗಿಸಿ ಮೊದಲ ನೀರು ಅಂಗೈಗೆ ಬಿದ್ದೊಡನೆ ‘ಯಾ ಅಲ್ಲಾಹ್!’ ಎಂಬ ಉದ್ಗಾರ ತಾನಾಗಿಯೇ ಹೊರಡುತ್ತದೆ. ಯಜಮಾನರನ್ನು ಎಬ್ಬಿಸಿದರೆ ಕಂಬಳಿಯೊಳಗಿನಿಂದ ‘ಇನ್ನು ಐದೇ ನಿಮಿಷ’ ಎಂಬ ಉತ್ತರ. ಮಗರಾಯನಂತೂ ಬೆರಳ ತುದಿಯನ್ನಷ್ಟೇ ಒದ್ದೆ ಮಾಡಿಕೊಂಡು ಬಂದು ವುಝೂ ಮುಗಿಯಿತು ಎನ್ನುತ್ತಾನೆ. ಬೀದರ್, ಚಿಕ್ಕಮಗಳೂರಿನ ಕಡೆಯವರು ಸ್ವೆಟರ್ ಹುಡುಕುತ್ತಾರೆ. ಮಂಗಳೂರು, ಭಟ್ಕಳದವರು ಫ್ಯಾನಿನ ವೇಗವನ್ನು ಐದರಿಂದ ಮೂರಕ್ಕೆ ಇಳಿಸಿ, ‘ಈ ವರ್ಷ ಚಳಿ ಸ್ವಲ್ಪ ಜಾಸ್ತಿಯೇ’ ಎನ್ನುತ್ತಾರೆ!

ಈಗ ಇನ್ನೊಂದು ಮನೆಯನ್ನು ಊಹಿಸಿಕೊಳ್ಳಿ. ಅಲ್ಲೂ ಒಬ್ಬ ಗೃಹಿಣಿ ಫಜ್ರ್‌ಗೆ ಎದ್ದಿದ್ದಾಳೆ. ನಲ್ಲಿ ತಿರುಗಿಸಿದರೆ ನೀರೇ ಇಲ್ಲ. ಕೊಳವೆಯೊಳಗಿನ ನೀರು ಮಂಜುಗಡ್ಡೆಯಾಗಿದೆ. ಕಾಗದವನ್ನೋ ಚಿಂದಿಬಟ್ಟೆಯನ್ನೋ ಹೊತ್ತಿಸಿ ಕೊಳವೆಗೆ ಶಾಖ ಕೊಟ್ಟ ಮೇಲೆಯೇ ನೀರು ತೊಟ್ಟಿಕ್ಕಬೇಕು. ಇದು ಶ್ರೀನಗರ. 2024ರ ಡಿಸೆಂಬರ್ 20ರ ರಾತ್ರಿ ಕಳೆದು 21ರ ಬೆಳಗಾಗುವಾಗ ಅಲ್ಲಿನ ಉಷ್ಣಾಂಶ ಸೊನ್ನೆಗಿಂತ 8.5 ಡಿಗ್ರಿ ಕೆಳಗಿಳಿದಿತ್ತು. ಡಿಸೆಂಬರ್ ತಿಂಗಳ ಮಟ್ಟಿಗೆ ಅದು ಐವತ್ತು ವರ್ಷಗಳಲ್ಲೇ ಅತಿ ಚಳಿಯ ರಾತ್ರಿ. 1934ರ ಡಿಸೆಂಬರ್ 13ರಂದು ಸೊನ್ನೆಗಿಂತ 12.8 ಡಿಗ್ರಿ ಕೆಳಗೆ ಹೋಗಿದ್ದ ದಾಖಲೆಯೂ ಇದೆ. ನಮ್ಮ ಫ್ರಿಜ್ಜಿನ ಒಳಗೆ ಇರುವುದು ನಾಲ್ಕೈದು ಡಿಗ್ರಿ. ಅಂದರೆ ಅಂಥ ರಾತ್ರಿ ಅಂಗಳದಲ್ಲಿ ನಿಲ್ಲುವುದಕ್ಕಿಂತ ಫ್ರಿಜ್ಜಿನೊಳಗೆ ಕೂರುವುದೇ ಬೆಚ್ಚಗೆ!

ಇಂಥ ಚಳಿಯಲ್ಲಿ ಆ ಜನ ಬದುಕುವುದು ಹೇಗೆ? ಬದುಕುವುದು ಮಾತ್ರವಲ್ಲ, ನಗುವುದು ಹೇಗೆ?

ದೊಡ್ಡವನು, ಚಿಕ್ಕವನು, ಮರಿ

ಕಾಶ್ಮೀರಿಗಳು ಚಳಿಗೂ ಹೆಸರಿಟ್ಟಿದ್ದಾರೆ. ಡಿಸೆಂಬರ್ 21ರಿಂದ ಜನವರಿ ಕೊನೆಯವರೆಗಿನ ನಲವತ್ತು ದಿನಗಳು ‘ಚಿಲ್ಲಾಯ್ ಕಲಾನ್’. ಆಮೇಲಿನ ಇಪ್ಪತ್ತು ದಿನಗಳು ‘ಚಿಲ್ಲಾಯ್ ಖುರ್ದ್’. ಕೊನೆಯ ಹತ್ತು ದಿನಗಳು ‘ಚಿಲ್ಲಾಯ್ ಬಚ್ಚಾ’. ಫಾರ್ಸಿಯಲ್ಲಿ ‘ಚಿಹಲ್’ ಎಂದರೆ ನಲವತ್ತು. ಉರ್ದು ಮಾತಾಡುವ ಮನೆಗಳಲ್ಲಿ ಬಾಣಂತಿಯ ನಲವತ್ತು ದಿನಗಳಿಗೆ ‘ಚಿಲ್ಲಾ’ ಎನ್ನುತ್ತಾರಲ್ಲ, ಅದೇ ಪದ. ಕಲಾನ್ ಎಂದರೆ ದೊಡ್ಡವನು, ಖುರ್ದ್ ಎಂದರೆ ಚಿಕ್ಕವನು, ಬಚ್ಚಾ ಎಂದರೆ ಮಗು.

ಹೀಗೆ ಚಳಿ ಅಲ್ಲಿ ಒಂದು ಕುಟುಂಬವಾಗಿಯೇ ಬರುತ್ತದೆ. ಮೊದಲು ಗತ್ತಿನ ಹಿರಿಯ, ಅವನ ಹಿಂದೆ ಸ್ವಲ್ಪ ಮೆದುವಾದ ತಮ್ಮ, ಕೊನೆಗೆ ಒಮ್ಮೆ ಬಿಸಿಲು ಒಮ್ಮೆ ಹಿಮ ಎಂದು ಕಾಡಿಸುವ ತುಂಟ ಮರಿ. ಕರೆಯದೆ ಬಂದು ಎಪ್ಪತ್ತು ದಿನ ಕೂರುವ ಈ ನೆಂಟರನ್ನು ಓಡಿಸುವಂತಿಲ್ಲ. ಆದರೆ ಹೆಸರಿಟ್ಟು ಗೇಲಿ ಮಾಡಬಹುದು. ಹೆಸರಿಟ್ಟ ಶತ್ರು ಅರ್ಧ ಪರಿಚಿತನಾಗುತ್ತಾನೆ. ಇಷ್ಟು ದಿನಗಳೆಂದು ಎಣಿಕೆ ಇದ್ದರೆ ತಾಳ್ಮೆಗೂ ಒಂದು ಆಧಾರ ಸಿಗುತ್ತದೆ. ಬಾಣಂತನದಲ್ಲಿ ದಿನ ಎಣಿಸಿದ ನಿಮಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ದಿನಗಳಲ್ಲಿ ಸೂರಿನಂಚಿನಿಂದ ನೀರು ಹೆಪ್ಪುಗಟ್ಟಿ ಈಟಿಗಳಂತೆ ಇಳಿಬೀಳುತ್ತದೆ. ಕಾಶ್ಮೀರಿಯಲ್ಲಿ ಅದಕ್ಕೆ ‘ಶಿಶಿರ್ ಗಾಂಠ್’ ಎಂದು ಹೆಸರು. ನಮ್ಮ ಶಿಶಿರ ಋತುವಿನ ಶಿಶಿರವೇ ಅದು. ಮಕ್ಕಳು ಅದನ್ನು ಮುರಿದು ಐಸ್‌ಕ್ಯಾಂಡಿಯಂತೆ ಚೀಪುತ್ತಾರೆ. ತಾಯಂದಿರು ಗದರುತ್ತಾರೆ. ಎಲ್ಲ ಊರಿನ ತಾಯಂದಿರೂ ಒಂದೇ!

ಕೈ ಕಾಣದ ಜನ

ಚಳಿಗಾಲದ ಕಾಶ್ಮೀರದ ಬೀದಿಯಲ್ಲಿ ಹೊಸಬರಿಗೆ ಮೊದಲು ಕಾಣುವುದು ಕೈಗಳಿಲ್ಲದ ಮನುಷ್ಯರು. ತೋಳುಗಳು ಖಾಲಿಯಾಗಿ ತೂಗಾಡುತ್ತಿರುತ್ತವೆ. ಹೊಟ್ಟೆ ಮಾತ್ರ ಮುಂದಕ್ಕೆ ಉಬ್ಬಿರುತ್ತದೆ. ಗಾಬರಿ ಬೇಡ. ಅದು ‘ಫೆರನ್’ ಎಂಬ ಸಡಿಲವಾದ ಉದ್ದನೆಯ ಉಣ್ಣೆಯ ನಿಲುವಂಗಿ. ಕೈಗಳೆರಡೂ ಒಳಗೆ ಸೇರಿ ಒಂದು ಬೆಂಕಿಯ ಬುಟ್ಟಿಯನ್ನು ಅಪ್ಪಿಕೊಂಡಿರುತ್ತವೆ. ಅದೇ ‘ಕಾಂಗ್ಡಿ’. ಒಳಗೆ ಮಣ್ಣಿನ ಮಡಕೆ, ಹೊರಗೆ ಬೆತ್ತದಂಥ ಕಡ್ಡಿಗಳ ಹೆಣಿಗೆ. ಚಿನಾರ್ ಎಲೆ, ಸಣ್ಣ ಕಡ್ಡಿಗಳನ್ನು ಸುಟ್ಟು ಮಾಡಿದ ಇದ್ದಲು ಅದರೊಳಗೆ ಬೂದಿಯ ಕೆಳಗೆ ಗಂಟೆಗಟ್ಟಲೆ ನಿಗಿನಿಗಿಸುತ್ತದೆ. ಚರಾರ್-ಎ-ಶರೀಫ್ ಊರಿನ ಕಾಂಗ್ಡಿಗಳು ಅಂದಕ್ಕೆ ಹೆಸರುವಾಸಿ.

ಮಜ್ನೂನನಿಗೆ ಲೈಲಾ ಹೇಗೋ ಕಾಶ್ಮೀರಿಗೆ ಕಾಂಗ್ಡಿ ಹಾಗೆ ಎಂಬ ಮಾತು ಅಲ್ಲಿ ಹಳೆಯದು. ಈ ಲೈಲಾಳನ್ನು ದಿನವೂ ಸಿಂಗರಿಸಿ ಮಜ್ನೂನನ ಕೈಗೆ ಕೊಡುವವಳು ಮಾತ್ರ ಹೆಂಡತಿ! ಬೂದಿ ತೆಗೆದು, ಇದ್ದಲು ತುಂಬಿ, ಕೆಂಡ ಹಾಕಿ ಮನೆಯ ಒಬ್ಬೊಬ್ಬರಿಗೂ ಒಂದೊಂದು ಕಾಂಗ್ಡಿ ಸಿದ್ಧಪಡಿಸುವುದು ಬೆಳಗಿನ ಮೊದಲ ಕೆಲಸ. ನಾವು ಇಲ್ಲಿ ಡಬ್ಬಿ ಕಟ್ಟುವಂತೆ ಅವರು ಅಲ್ಲಿ ಬೆಂಕಿ ಕಟ್ಟಿಕೊಡುತ್ತಾರೆ.

2018ರ ಡಿಸೆಂಬರ್‌ನಲ್ಲಿ ಶಿಕ್ಷಣ ಇಲಾಖೆಯ ಒಂದು ಕಚೇರಿ, ಫೆರನ್ ತೊಟ್ಟು ಯಾರೂ ಕಚೇರಿಗೆ ಬರಬಾರದೆಂದು ಆದೇಶ ಹೊರಡಿಸಿತು. ಕೊರೆಯುವ ಚಳಿಯಲ್ಲಿ ಹೊದಿಕೆ ಕಳಚಿ ಬನ್ನಿ ಎಂದರೆ ಜನ ಏನು ಮಾಡಿಯಾರು? ಟೀಕೆಯೂ ಲೇವಡಿಯೂ ಒಟ್ಟೊಟ್ಟಿಗೆ ಎದ್ದವು. ಆದೇಶ ಹಿಂದಕ್ಕೆ ಹೋಯಿತು. ಈಚಿನ ವರ್ಷಗಳಲ್ಲಿ ಚಿಲ್ಲಾಯ್ ಕಲಾನ್ ಆರಂಭವಾಗುವ ಡಿಸೆಂಬರ್ 21ನ್ನು ‘ಫೆರನ್ ದಿನ’ವೆಂದು ಆಚರಿಸುವವರಿದ್ದಾರೆ. ಯುವಕ ಯುವತಿಯರು ಹೊಸ ನಮೂನೆಯ ಫೆರನ್ ತೊಟ್ಟು ಲಾಲ್ ಚೌಕದ ಗಡಿಯಾರ ಗೋಪುರದ ಬಳಿ ಸೇರುತ್ತಾರೆ.

ಬಿಸಿಲಿನಲ್ಲೇ ಆರಂಭವಾಗುವ ಚಳಿಗಾಲ

ನಮ್ಮ ಕರಾವಳಿಯ ಹೆಂಗಸರು ಏಪ್ರಿಲ್-ಮೇ ಬಿಸಿಲಿನಲ್ಲಿ ಹಪ್ಪಳ, ಸಂಡಿಗೆ ಒಣಗಿಸಿ, ಒಣಮೀನು ಕೂಡಿಟ್ಟು ಮಳೆಗಾಲವನ್ನು ಎದುರಿಸುತ್ತಾರೆ. ಕಾಶ್ಮೀರದ ಹೆಂಗಸರು ಇದನ್ನೇ ಹಿಮಕ್ಕಾಗಿ ಮಾಡುತ್ತಾರೆ. ಬೇಸಿಗೆಯ ಕೊನೆಯಲ್ಲಿ ಸೋರೆಕಾಯಿಯನ್ನು ಉದ್ದುದ್ದ ಸೀಳಿ ಹಗ್ಗದ ಮೇಲೆ ನೇತುಹಾಕುತ್ತಾರೆ. ಬದನೆ, ಟೊಮೆಟೊ, ಟರ್ನಿಪ್ ಗೆಡ್ಡೆ ಹೆಚ್ಚಿ ಒಣಗಿಸುತ್ತಾರೆ. ಸಣ್ಣ ಮೀನುಗಳೂ ಒಣಗುತ್ತವೆ. ಒಣಗಿಸಿದ ಈ ತರಕಾರಿಗಳಿಗೆ ‘ಹೊಖ್ ಸ್ಯುನ್’ ಎನ್ನುತ್ತಾರೆ.

ಮೊದಲು ಇದು ರುಚಿಯ ಮಾತಾಗಿರಲಿಲ್ಲ, ಹೊಟ್ಟೆಯ ಮಾತಾಗಿತ್ತು. ಹಿಮ ಬಿದ್ದು ಜಮ್ಮು-ಶ್ರೀನಗರ ರಸ್ತೆ ಮುಚ್ಚಿದರೆ ದಿನಗಟ್ಟಲೆ ಹೊಸ ತರಕಾರಿ ಬರುತ್ತಿರಲಿಲ್ಲ. ಈಗ ಆ ದಾರಿಯಲ್ಲಿ ದೊಡ್ಡ ಸುರಂಗಗಳಾಗಿವೆ. 2025ರ ಜೂನ್‌ನಲ್ಲಿ ಜಮ್ಮುವಿನ ಕಡೆಯಿಂದ ಕಣಿವೆಗೆ ರೈಲೂ ಬಂತು. ಆದರೂ ಒಣಗಿಸುವುದು ನಿಂತಿಲ್ಲ. ಅತ್ತೆ ಮಾಡುತ್ತಿದ್ದಂಥ ಸಾರು ಹಸಿ ತರಕಾರಿಯಿಂದ ಆಗುವುದಿಲ್ಲವಲ್ಲ!

ಹರೀಸಾ ಮತ್ತು ಹಿಮದ ಮೋಸ

ಚಳಿಯನ್ನು ಬಯ್ಯುವವರೂ ಹರೀಸಾ ಸಿಗುವ ಕಾಲವೆಂದು ಅದನ್ನು ಕ್ಷಮಿಸುತ್ತಾರೆ. ಮಾಂಸ, ಅಕ್ಕಿ ಮತ್ತು ಮಸಾಲೆಗಳನ್ನು ರಾತ್ರಿಯಿಡೀ ದೊಡ್ಡ ಹಂಡೆಯಲ್ಲಿ ಬೇಯಿಸಿ, ನಾರುನಾರಾಗಿ ಕರಗುವಷ್ಟು ತಿರುವಿದ ಅಡುಗೆ ಇದು. ರಮಝಾನ್‌ನಲ್ಲಿ ನಮ್ಮ ಪೇಟೆಗಳಲ್ಲಿ ಸಿಗುವ ಹಲೀಮ್‌ನ ಹತ್ತಿರದ ಸಂಬಂಧಿ. ಹಳೆ ಶ್ರೀನಗರದ ಅಂಗಡಿಗಳ ಮುಂದೆ ಬೆಳಕು ಹರಿಯುವ ಮೊದಲೇ ಜನ ನಿಲ್ಲುತ್ತಾರೆ. ಫಜ್ರ್‌ಗೆ ಏಳದವನೂ ಹರೀಸಾಕ್ಕೆ ಏಳುತ್ತಾನೆಂದು ಯಾರಾದರೂ ಅಂದರೆ ಅಲ್ಲಿನ ಹೆಂಗಸರು ತಲೆಯಾಡಿಸಿಯಾರು. ಮಗಳ ಗಂಡನ ಮನೆಗೆ ಹರೀಸಾ ಕಳಿಸುವ ಪದ್ಧತಿಯೂ ಇದೆ. ಪಾತ್ರೆ ಎಷ್ಟು ದೊಡ್ಡದು ಎಂದು ನೋಡುವ ಬೀಗಿತ್ತಿಯರು ಅಲ್ಲೂ ಇರಬೇಕು!

ಜೊತೆಗೆ ಸಮಾವರ್‌ನಲ್ಲಿ ಕುದಿಯುವ ‘ನೂನ್ ಚಾಯ್’. ನೂನ್ ಎಂದರೆ ಉಪ್ಪು. ಚಹಾ ಎಲೆಯನ್ನು ಸೋಡಾ ಹಾಕಿ ಚೆನ್ನಾಗಿ ಕುದಿಸಿ ಹಾಲು ಬೆರೆಸಿದಾಗ ಅದು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ನೋಡಿ ಸಿಹಿಯೆಂದು ಬಾಯಿಗಿಟ್ಟ ಹೊರಗಿನ ಅತಿಥಿಯ ಮುಖವೇ ಆ ದಿನದ ನಗೆಯ ವಸ್ತು.

ಇನ್ನೊಂದು ತಮಾಷೆ ಮೊದಲ ಹಿಮದ್ದು. ಆ ವರ್ಷದ ಮೊದಲ ಹಿಮ ಬಿದ್ದಾಗ ಅದನ್ನೊಂದಿಷ್ಟು ಯಾವುದರಲ್ಲಾದರೂ ಅಡಗಿಸಿ ನೆಂಟರಿಗೋ ಗೆಳೆಯರಿಗೋ ಕೊಡುತ್ತಾರೆ. ತಿಳಿಯದೆ ಕೈಯೊಡ್ಡಿದವರು ಸೋತಂತೆ, ಅವರು ಔತಣ ಕೊಡಬೇಕು. ಮನೆಯಿಂದ ಹೊರಗೆ ಕಾಲಿಡಲೂ ಮನಸ್ಸಾಗದ ಆ ದಿನ ಈ ಆಟದ ನೆಪದಲ್ಲಿ ಒಬ್ಬರು ಇನ್ನೊಬ್ಬರ ಬಾಗಿಲು ತಟ್ಟುತ್ತಾರೆ. ನಗುವಿನ ಹಿಂದೆ ಎಂಥ ಜಾಣತನ ನೋಡಿ! ಒಂಟಿಯಾಗಿರುವ ಅಜ್ಜಿಯನ್ನು ವಿಚಾರಿಸಿಕೊಂಡಂತೆಯೂ ಆಯಿತು.

ಹಮಾಮ್‌ನ ಬಿಸಿ ಯಾರಿಗೆ?

ಕಾಶ್ಮೀರದ ಅನೇಕ ಮಸೀದಿಗಳಲ್ಲಿ ‘ಹಮಾಮ್’ ಇದೆ. ಕಲ್ಲು ಹಾಸಿದ ಕೋಣೆ. ನೆಲದಡಿಯಲ್ಲಿ ಸೌದೆ ಉರಿಯುತ್ತದೆ. ನೆಲ ಬೆಚ್ಚಗಾಗುತ್ತದೆ, ಪಕ್ಕದ ತೊಟ್ಟಿಯಲ್ಲಿ ವುಝೂಗೆ ಬಿಸಿನೀರು. ನಮಾಝ್ ಮುಗಿದರೂ ಗಂಡಸರು ಗೋಡೆಗೊರಗಿ ಕುಳಿತು ರಾಜಕೀಯದಿಂದ ಹಿಡಿದು ಅಳಿಯನವರೆಗೆ ಎಲ್ಲವನ್ನೂ ಚರ್ಚಿಸುತ್ತಾರೆ. ಚಳಿಗಾಲದಲ್ಲಿ ಮಸೀದಿಯ ಸಫ್‌ಗಳು ತುಂಬಲು ಭಕ್ತಿಯೆಷ್ಟು ಕಾರಣ, ಬಿಸಿ ನೆಲವೆಷ್ಟು ಕಾರಣ ಎಂದು ಕೇಳಬಾರದು!

ತಣ್ಣೀರು ಕೊರೆಯುವಾಗಲೂ ಪೂರ್ಣವಾಗಿ ವುಝೂ ಮಾಡುವವರಿಗೆ ಪ್ರವಾದಿ(ಸ) ದೊಡ್ಡ ಪ್ರತಿಫಲದ ಸುವಾರ್ತೆ ನೀಡಿದ್ದಾರೆ. ನೀರು ಕಾಯಿಸಿಕೊಳ್ಳಲು ಅಡ್ಡಿಯಿಲ್ಲ. ಚರ್ಮದ ಕಾಲುಚೀಲದ ಮೇಲೆ ಒದ್ದೆ ಕೈ ಸವರುವ ರಿಯಾಯಿತಿಯೂ ಇದೆ. ಆದರೆ ಸೌದೆಯೊಲೆಯ ಮುಂದೆ ಕುಳಿತು ಮನೆಮಂದಿಗೆಲ್ಲ ಬಿಸಿನೀರು ಕಾಯಿಸಿದವಳ ಪಾಲೂ ಆ ಪ್ರತಿಫಲದಲ್ಲಿದೆಯೆಂದು ನಮಗೆ ನೆನಪಿರುತ್ತದೆಯೇ? ಗಂಡಸರು ಹಮಾಮ್‌ನಲ್ಲಿ ಕುಳಿತಿರುವ ಹೊತ್ತಿನಲ್ಲಿ ಹೆಂಗಸು ಹೆಪ್ಪುಗಟ್ಟಿದ ನಲ್ಲಿ ಕರಗಿಸುತ್ತಿರುತ್ತಾಳೆ, ಪಾತ್ರೆ ತೊಳೆಯುತ್ತಿರುತ್ತಾಳೆ. ಚಳಿಗಾಲದಲ್ಲಿ ನದಿಗಳಲ್ಲಿ ನೀರು ಇಳಿದು ಅಲ್ಲಿನ ಜಲವಿದ್ಯುತ್ ಉತ್ಪಾದನೆ ಕುಗ್ಗುತ್ತದೆ. ಹೀಟರ್‌ಗಳಿಂದ ಬೇಡಿಕೆ ಏರುತ್ತದೆ. ಹಾಗಾಗಿ ಕರೆಂಟು ಯಾವಾಗ ಹೋಗುತ್ತದೆಂಬ ಪಟ್ಟಿಯೇ ಪ್ರಕಟವಾಗುತ್ತದೆ. ನಗೆಚಾಟಿಕೆಯ ಮಟ್ಟಿಗೆ ಎಲ್ಲರೂ ಸಮಾನರು. ಕೆಲಸದ ಮಟ್ಟಿಗೆ ಚಿಲ್ಲಾಯ್ ಕಲಾನ್ ಹೆಚ್ಚಾಗಿ ಹೆಂಗಸರ ಪಾಲಿನ ಅತಿಥಿ.

ನಗಬಾರದ ಜಾಗ

ಒಂದು ಕಡೆ ಮಾತ್ರ ನಗು ನಿಲ್ಲಬೇಕು. 2025ರ ಜನವರಿಯಲ್ಲಿ ಶ್ರೀನಗರದ ಪಾಂದ್ರೆಥನ್‌ನಲ್ಲಿ ಬಾಡಿಗೆ ಮನೆಯೊಂದರಲ್ಲಿ ಒಂದೇ ಕುಟುಂಬದ ಐವರು ಉಸಿರುಗಟ್ಟಿ ತೀರಿಕೊಂಡರು. ತಂದೆ, ತಾಯಿ, ಮೂವರು ಪುಟ್ಟ ಮಕ್ಕಳು. ಚಳಿ ತಡೆಯಲು ಹಚ್ಚಿದ ಹೀಟರ್‌ನಿಂದಾದ ದುರಂತವಿದು. ಮುಚ್ಚಿದ ಕೋಣೆಯಲ್ಲಿ ಇದ್ದಲು, ಸೌದೆ, ಗ್ಯಾಸ್ ಯಾವುದೇ ಉರಿದರೂ ಆಮ್ಲಜನಕ ಸಾಲದೆ ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮೊದಲು ತಲೆನೋವು, ವಾಕರಿಕೆ, ತಲೆಸುತ್ತು. ನಿದ್ದೆಯಲ್ಲಿದ್ದವರಿಗೆ ಅದೂ ತಿಳಿಯುವುದಿಲ್ಲ.

ಕಾಂಗ್ಡಿಗೂ ತನ್ನದೇ ಅಪಾಯವಿದೆ. ವರ್ಷಗಟ್ಟಲೆ ತೊಡೆ, ಹೊಟ್ಟೆಯ ಚರ್ಮಕ್ಕೆ ಶಾಖ ತಗಲಿ ಬಲೆಯಂಥ ಕಪ್ಪು ಕಲೆ ಮೂಡುತ್ತದೆ. ಕೆಲವರಲ್ಲಿ ಅದು ಮಾಗದ ಹುಣ್ಣಾಗಿ ಕ್ಯಾನ್ಸರ್‌ಗೆ ತಿರುಗುತ್ತದೆ. ‘ಕಾಂಗ್ಡಿ ಕ್ಯಾನ್ಸರ್’ ಎಂದೇ ವೈದ್ಯರು ಇದನ್ನು ಹತ್ತೊಂಬತ್ತನೇ ಶತಮಾನದಿಂದಲೂ ಗುರುತಿಸಿದ್ದಾರೆ.

ಇದೆಲ್ಲ ದೂರದ ಕಾಶ್ಮೀರದ ಮಾತು ಎನ್ನಬೇಡಿ. ಕಿಟಕಿ ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ಕೆಂಡದ ಅಗ್ಗಿಷ್ಟಿಕೆ ಇಡುವ ರೂಢಿ ನಮ್ಮಲ್ಲೂ ಇದೆ. ಗಾಳಿಯಾಡದ ಬಚ್ಚಲಿನ ಗ್ಯಾಸ್ ಗೀಸರ್ ಬೆಂಗಳೂರಿನಂಥ ನಗರಗಳಲ್ಲಿ ಜೀವಗಳನ್ನು ತೆಗೆದಿದೆ. ಆದ್ದರಿಂದ ಈ ನಾಲ್ಕು ಮಾತುಗಳನ್ನು ಮನೆಮಂದಿಗೆಲ್ಲ ಹೇಳಿ:

• ಕೆಂಡ, ಉರಿಯುವ ಹೀಟರ್ ಇರುವ ಕೋಣೆಯ ಕಿಟಕಿ ಸ್ವಲ್ಪವಾದರೂ ತೆರೆದಿರಲಿ. ಮಲಗುವ ಮುನ್ನ ಕೆಂಡವನ್ನು ಕೋಣೆಯಿಂದ ಹೊರಗಿಡಿ.
• ಗ್ಯಾಸ್ ಗೀಸರ್ ಬಚ್ಚಲಿನ ಹೊರಗೆ, ಗಾಳಿಯಾಡುವಲ್ಲಿ ಇರಲಿ.
• ಒಂದೇ ಕೋಣೆಯಲ್ಲಿದ್ದ ಇಬ್ಬರು ಮೂವರಿಗೆ ಒಟ್ಟಿಗೆ ತಲೆನೋವು, ವಾಕರಿಕೆ ಬಂದರೆ ತಕ್ಷಣ ಎಲ್ಲರೂ ಹೊರಗೆ ಬಂದು ಆಸ್ಪತ್ರೆಗೆ ಹೋಗಿ.
• ಶಾಖ ಕೊಟ್ಟ ಜಾಗದಲ್ಲಿ ಮಾಗದ ಹುಣ್ಣಿದ್ದರೆ ವೈದ್ಯರಿಗೆ ತೋರಿಸಿ.

ಈ ಬಾರಿ ಕಾಶ್ಮೀರಿ ಶಾಲು ಮಾರುವವನು ಗಂಟು ಬಿಚ್ಚಿದಾಗ, ಅಥವಾ ನಿಮ್ಮ ಊರಿನ ಕಾಲೇಜಿನಲ್ಲಿ ಓದುವ ಕಾಶ್ಮೀರಿ ಹುಡುಗಿ ನಿಮ್ಮ ಪಕ್ಕದಲ್ಲಿ ನಮಾಝ್‌ಗೆ ನಿಂತಾಗ, ‘ನಿಮ್ಮ ಮನೆಯಲ್ಲಿ ಈಗ ಚಳಿ ಹೇಗಿದೆ?’ ಎಂದು ವಿಚಾರಿಸಿ. ಚಿಲ್ಲಾಯ್ ಕಲಾನ್ ಹೆಸರು ನಿಮ್ಮ ಬಾಯಿಂದ ಕೇಳಿದರೆ ಅವರ ಮುಖ ಅರಳುತ್ತದೆ.

ಚಳಿಯನ್ನು ಕಳಿಸುವವನು ಅಲ್ಲಾಹನು, ವಸಂತವನ್ನು ತರುವವನೂ ಅವನೇ. ನಡುವಿನ ನಲವತ್ತು ದಿನಗಳಲ್ಲಿ ಒಬ್ಬರಿಗೊಬ್ಬರು ಬೆಚ್ಚಗಿರುವುದು ನಮ್ಮ ಕೈಯಲ್ಲಿದೆ. ನಾಳೆ ಬೆಳಿಗ್ಗೆ ನಲ್ಲಿಯ ನೀರು ಕೈ ಕೊರೆದಾಗ ಶ್ರೀನಗರದ ಆ ಸಹೋದರಿಯನ್ನು ನೆನೆದು ಒಮ್ಮೆ ನಕ್ಕುಬಿಡಿ, ಅವಳಿಗಾಗಿ ಒಂದು ದುಆ ಮಾಡಿ. ಹಾಗೆಯೇ ಕಂಬಳಿಯೊಳಗಿರುವವರಿಗೆ ಹೇಳಿ: ‘ಇವತ್ತು ನೀರು ಕಾಯಿಸುವ ಸರದಿ ನಿಮ್ಮದು!’