ಬಿಟ್ಟಿ ಚಾಕರಿ ನಿಲ್ಲಿಸಿದ ದೊರೆ, ಬೆಟ್ಟದಂಥ ಸಮಾಧಿ

ಜಪಾನಿನ ಇಂದಿನ ಒಸಾಕಾ ಇರುವ ನೆಲಕ್ಕೆ ಹಿಂದೆ ನಾನಿವಾ ಎಂಬ ಹೆಸರಿತ್ತು. ಅಲ್ಲಿಂದ ಆಳುತ್ತಿದ್ದ ಚಕ್ರವರ್ತಿ ನಿಂಟೊಕು ಒಮ್ಮೆ ಎತ್ತರದ ಜಾಗಕ್ಕೆ ಹತ್ತಿ ಸುತ್ತಲಿನ ಊರುಗಳತ್ತ ಕಣ್ಣು ಹಾಯಿಸಿದನಂತೆ. ಯಾವ ಮನೆಯಿಂದಲೂ ಹೊಗೆ ಏಳುತ್ತಿರಲಿಲ್ಲ. ಬೇಯಿಸಲು ಕಾಳಿಲ್ಲದ ಮನೆಯಲ್ಲಿ ಒಲೆ ಹೊತ್ತುವುದೆಲ್ಲಿಂದ? ಮೂರು ವರ್ಷ ತೆರಿಗೆಯೂ ಬೇಡ, ಬಿಟ್ಟಿ ಚಾಕರಿಯೂ ಬೇಡ ಎಂದು ಅಪ್ಪಣೆಯಾಯಿತು. ಅರಮನೆಯ ಹುಲ್ಲುಮಾಡು ಸೋರಿತು, ಆದರೂ ರಿಪೇರಿ ಮಾಡಿಸಲಿಲ್ಲ. ಮತ್ತೆ ಹೊಗೆ ಕಂಡ ದಿನ ತಾನು ಸಿರಿವಂತನಾದೆ ಎಂದ. ಸೋರುವ ಮನೆಯಲ್ಲಿ ಕೂತು ಇದೆಂಥ ಸಿರಿ ಎಂದು ರಾಣಿ ಕೇಳಿದಳು. ಪ್ರಜೆಗಳ ಬಡತನವೇ ದೊರೆಯ ಬಡತನ, ಅವರ ಸಿರಿಯೇ ದೊರೆಯ ಸಿರಿ ಎಂದು ಅವನ ಉತ್ತರ. ವಿನಾಯಿತಿ ಇನ್ನೂ ಮೂರು ವರ್ಷ ನಡೆಯಿತು.

ಕತೆ ಸಿಗುವುದು ಕ್ರಿ.ಶ. 712ರ ‘ಕೊಜಿಕಿ’ ಮತ್ತು 720ರ ‘ನಿಹೊನ್ ಶೊಕಿ’ ಗ್ರಂಥಗಳಲ್ಲಿ. ಸಾಂಪ್ರದಾಯಿಕ ಪಟ್ಟಿಯಲ್ಲಿ ನಿಂಟೊಕು 16ನೆಯವನು. ಆಳ್ವಿಕೆ 313ರಿಂದ 399ರವರೆಗೆ. ಇಷ್ಟು ದೀರ್ಘ ಆಳ್ವಿಕೆಯನ್ನು ಇತಿಹಾಸಕಾರರು ಅಕ್ಷರಶಃ ಒಪ್ಪುವುದಿಲ್ಲ. ಪ್ರಜೆಗಳನ್ನು ಸಲಹುವ ಆದರ್ಶ ದೊರೆಯ ಈ ಚಿತ್ರದಲ್ಲಿ ಚೀನೀ ರಾಜನೀತಿಯ ಛಾಯೆ ದಟ್ಟವಾಗಿದೆ.

ಆದರೆ ‘ನಿಹೊನ್ ಶೊಕಿ’ ಅವನನ್ನು ದೇವರಾಗಿಸಿ ಬಿಟ್ಟಿಲ್ಲ. ರಾಣಿ ಇವಾನೊಹಿಮೆ ಪೂಜೆಯ ಎಲೆ ತರಲು ಕೀ ಪ್ರಾಂತ್ಯಕ್ಕೆ ಹೋಗಿದ್ದಾಗ ಅವನು ಇನ್ನೊಬ್ಬಳನ್ನು ಅರಮನೆಗೆ ಕರೆತಂದ. ಸುದ್ದಿ ತಿಳಿದ ರಾಣಿ ಎಲೆಗಳನ್ನೆಲ್ಲ ನೀರಿಗೆಸೆದು ಯಮಾಶಿರೊ ಕಡೆಗೆ ಹೊರಟುಹೋದಳು. ಅವನೇ ಹೋಗಿ ಕರೆದರೂ ಬರಲಿಲ್ಲ.

ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಒಡ್ಡಿನ ಪ್ರಸಂಗ. ನಾನಿವಾದ ತಗ್ಗುನೆಲದಲ್ಲಿ ಪ್ರವಾಹ ತಡೆಯಲು ನಿಂಟೊಕು ಕಾಲುವೆ ತೋಡಿಸಿ ಮಂಡಾ ಎಂಬಲ್ಲಿ ಒಡ್ಡು ಕಟ್ಟಿಸಿದ. ಎರಡು ಕಡೆ ಮಣ್ಣು ನಿಲ್ಲಲೇ ಇಲ್ಲ. ನದಿದೇವತೆಗೆ ಇಬ್ಬರ ಬಲಿ ಬೇಕೆಂದು ದೊರೆಗೆ ಕನಸಾಯಿತು. ಮೊದಲನೆಯವನು ಅಳುತ್ತ ನೀರಿಗಿಳಿದ. ಎರಡನೆಯವನಾದ ಕೊರೊಮೊನೊಕೊ ಎರಡು ಸೋರೆಬುರುಡೆಗಳನ್ನು ಹೊಳೆಗೆಸೆದು, ದೇವತೆ ನಿಜವಾಗಿ ತನ್ನನ್ನು ಬಯಸಿದ್ದರೆ ಇವನ್ನು ಮುಳುಗಿಸಲಿ, ಆಗ ತಾನೂ ಬರುತ್ತೇನೆ ಎಂದ. ಬುರುಡೆಗಳು ತೇಲುತ್ತ ಹೋದವು. ಅವನು ಸಾಯಲಿಲ್ಲ, ಒಡ್ಡೂ ನಿಂತಿತು. ಅರಮನೆಯ ಗ್ರಂಥವೊಂದು ಸಾಮಾನ್ಯನ ಈ ಬುದ್ಧಿಯನ್ನು ಅಳಿಸದೆ ಉಳಿಸಿಕೊಂಡಿತಲ್ಲ, ಅದು ದೊಡ್ಡ ಮಾತು.

ಇನ್ನು ಅವನದೆನ್ನುವ ಸಮಾಧಿ. ಒಸಾಕಾದ ಪಕ್ಕದ ಸಕಾಯಿ ನಗರದಲ್ಲಿ, ಬೀಗದ ಕೈಯ ಕಿಂಡಿಯ ಆಕಾರದ ಮಣ್ಣಿನ ದಿಬ್ಬವನ್ನು ಮೂರು ಕಂದಕಗಳು ಸುತ್ತುವರಿದಿವೆ. ದಿಬ್ಬದ ಉದ್ದವೇ ಸುಮಾರು 486 ಮೀಟರ್. ಜಪಾನಿನಲ್ಲಿ ಇದಕ್ಕಿಂತ ದೊಡ್ಡ ಪ್ರಾಚೀನ ಸಮಾಧಿಯಿಲ್ಲ. ಪ್ರಾಚೀನ ಪದ್ಧತಿಯಲ್ಲಿ ಇದನ್ನು ಕಟ್ಟಲು ದಿನಕ್ಕೆ 2,000 ಜನರವರೆಗೆ ದುಡಿದರೂ 15 ವರ್ಷ 8 ತಿಂಗಳು ಬೇಕೆಂದು ಒಬಾಯಾಶಿ ನಿರ್ಮಾಣ ಕಂಪನಿ 1985ರಲ್ಲಿ ಲೆಕ್ಕ ಹಾಕಿತು. ಬಿಟ್ಟಿ ನಿಲ್ಲಿಸಿದನೆಂದು ಹೊಗಳಿಸಿಕೊಂಡ ದೊರೆಯ ಹೆಸರಿಗೆ ನಾಡಿನ ಅತಿ ಭಾರದ ದುಡಿಮೆ ಅಂಟಿಕೊಂಡಿದೆ. ಈ ವಿರೋಧವನ್ನು ಮುಚ್ಚಿಟ್ಟು ಅವನ ಪರಂಪರೆಯನ್ನು ಓದಲಾಗದು.

ಅಲ್ಲಿ ಮಲಗಿರುವುದು ಅವನೇ ಎಂಬುದೂ ಸಾಬೀತಾಗಿಲ್ಲ. ಪುರಾತತ್ವಜ್ಞರು ದಿಬ್ಬವನ್ನು 5ನೇ ಶತಮಾನದ ನಡುಭಾಗಕ್ಕೆ ಹಚ್ಚುತ್ತಾರೆ. ಅವನ ಮಗ ರಿಚೂನದೆನ್ನುವ ಹತ್ತಿರದ ಸಮಾಧಿ ಇದಕ್ಕಿಂತ ಹಳೆಯದು! ಹಾಗಾಗಿ ಶಾಲಾ ಪಠ್ಯಗಳಲ್ಲಿ ಈಗ ಸ್ಥಳದ ಹೆಸರಿನಿಂದ ‘ದೈಸೆನ್ ಕೊಫುನ್’ ಎನ್ನುವುದು ರೂಢಿಯಾಗಿದೆ. 1872ರಲ್ಲಿ ದಿಬ್ಬದ ಮುಂಭಾಗದಲ್ಲಿ ಕಲ್ಲಿನ ಶವಪೆಟ್ಟಿಗೆಯೊಂದು ಬೆಳಕಿಗೆ ಬಂದು, ಚಿತ್ರ ಬರೆದುಕೊಂಡ ಮೇಲೆ ಮತ್ತೆ ಮುಚ್ಚಲಾಯಿತು.

2019ರಲ್ಲಿ ಯುನೆಸ್ಕೊ ಇದನ್ನೂ ಸೇರಿಸಿ 49 ಸಮಾಧಿಗಳಿಗೆ ವಿಶ್ವಪರಂಪರೆಯ ಮನ್ನಣೆ ಕೊಟ್ಟಿತು. ಅದಕ್ಕೆ ಹಿಂದಿನ ವರ್ಷ, ರಾಜಮನೆತನದ ಸಮಾಧಿಗಳನ್ನು ನೋಡಿಕೊಳ್ಳುವ ಚಕ್ರಾಧಿಪತ್ಯ ಗೃಹ ಇಲಾಖೆಯು ಸಕಾಯಿ ನಗರಾಡಳಿತವನ್ನು ಮೊದಲ ಬಾರಿಗೆ ಜೊತೆಗೆ ಕರೆದುಕೊಂಡು ಕಂದಕದ ಏರಿಯನ್ನು ಅಗೆಸಿತ್ತು. ಅಲ್ಲಿ ಕಲ್ಲು ಹಾಸಿದ್ದು ಕಂಡಿತು. ದಿಬ್ಬದೊಳಕ್ಕೆ ಮಾತ್ರ ವಿದ್ವಾಂಸರಿಗೆ ಪ್ರವೇಶ ಸುಲಭವಲ್ಲ; ಪೂರ್ವಿಕರ ನೆಮ್ಮದಿ ಕಾಯಬೇಕೆಂಬ ರಾಜಮನೆತನದ ಕಾಳಜಿ ಗೌರವಕ್ಕೆ ಅರ್ಹ. ಆದರೂ ಆ ದಿಬ್ಬ ಮಲಗಿದವನೊಬ್ಬನದಲ್ಲ, ಬುಟ್ಟಿ ಬುಟ್ಟಿ ಮಣ್ಣು ಹೊತ್ತ ಹೆಸರಿಲ್ಲದ ಸಾವಿರಾರು ಜನರದೂ ಹೌದು. ಅವರ ಚರಿತ್ರೆಗೆ ಬೇರೆ ಗ್ರಂಥವಿಲ್ಲ. ಶವಪೆಟ್ಟಿಗೆ ಮುಟ್ಟದೆಯೂ ಮಣ್ಣಿನ ಪದರಗಳನ್ನು ಓದಬಹುದು. ಇಲಾಖೆ ಅಷ್ಟಕ್ಕಾದರೂ ವಿದ್ವಾಂಸರನ್ನು ಒಳಗೆ ಬಿಡಬೇಕು.